ಮೂವತ್ತೆಂಟು ಇಂಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಅಡುಗೆಮನೆ ಒಡೆಸಿ ನೋಡು ಎನ್ನುವುದನ್ನು ಮರೆತರು. ಆ ಗಾದೆ ಕಟ್ಟಿದ ಗಂಡಸರು ಅಡುಗೆಮನೆಯೊಳಗೆ ಕಾಲಿಟ್ಟಿದ್ದರೆ ತಾನೇ ನೆನಪಾಗುವುದು! ನಾನು ಆರು ವರ್ಷದಿಂದ ಅಲ್ಲೇ ಇದ್ದೇನೆ. ಆದ್ದರಿಂದ ನಾನು ಹೇಳುತ್ತೇನೆ, ಒಡೆಸಬೇಡಿ. ಒಡೆಸಲೇಬೇಕಾಗಿ ಬಂದರೆ ಮೇಸ್ತ್ರಿಯ ಮುಂದಿನಿಂದ ಕದಲಬೇಡಿ.

ನಮ್ಮಲ್ಲಿ ಕೆಲಸ ಶುರುವಾಗಿ ಇಪ್ಪತ್ತಮೂರು ದಿನವಾಗಿತ್ತು. ಫ್ರಿಜ್ಜು ಮಲಗುವ ಕೋಣೆ ಸೇರಿ ರಾತ್ರಿಯೆಲ್ಲ ನಮ್ಮ ತಲೆದೆಸೆಯಲ್ಲಿ ಗುರುಗುಟ್ಟುತ್ತಿತ್ತು. ಕರೆಂಟ್ ಒಲೆ ವಾಷಿಂಗ್ ಮಷೀನಿನ ಮೇಲೆ ಕೂತಿತ್ತು. ಬಟ್ಟೆ ಒಗೆಯುವಾಗ ಸಾರು ಕುಣಿಯುತ್ತದೆ, ಸಾರು ಕುದಿಯುವಾಗ ಬಟ್ಟೆ ಒಗೆಯುವಂತಿಲ್ಲ. ಪಾತ್ರೆ ತೊಳೆಯುವುದು ಬಚ್ಚಲಲ್ಲಿ, ಮಕ್ಕಳಿಗೆ ಸ್ನಾನ ಮಾಡಿಸುವ ಟಬ್ಬಿನಲ್ಲಿ. ಮುಚ್ಚಿಟ್ಟ ಸಕ್ಕರೆ ಡಬ್ಬಿಯೊಳಗೂ ಸಿಮೆಂಟಿನ ಧೂಳು. ಆರು ವರ್ಷದ ಪುಟ್ಟಿ ಬ್ರೆಡ್ಡನ್ನು ಊದಿ ಬಾಯಿಗಿಡುವುದನ್ನು ಕಲಿತಿದ್ದಳು. ಒಂದೂವರೆ ವರ್ಷದ ಗುಂಡನಿಗೆ ಇನ್ನೂ ಸರಿಯಾಗಿ 'ಅಪ್ಪ' ಎನ್ನಲು ಬರುತ್ತಿರಲಿಲ್ಲ, ಆದರೆ ಗೋಡೆಗೆ ಬೆರಳು ಚುಚ್ಚಿ 'ಡ್ರ್ರ್ರ್' ಎನ್ನುವುದು ಚೆನ್ನಾಗಿ ಬರುತ್ತಿತ್ತು.

ಇಷ್ಟೆಲ್ಲ ಪಾಡು ಪಟ್ಟಿದ್ದು ಚಂದಕ್ಕಲ್ಲ, ನನ್ನ ಬೆನ್ನಿಗಾಗಿ. ನಾನು ಆರಡಿ ಎರಡಿಂಚಿನ ಆಳು. ಹಳೆಯ ಅಡುಗೆಕಟ್ಟೆ ನೆಲದಿಂದ ಮೂವತ್ತೊಂದೇ ಇಂಚು. ದಿನಕ್ಕೆ ಮೂರು ಹೊತ್ತು ಅದರ ಮುಂದೆ ಬಗ್ಗಿ ಹೆಚ್ಚಿ, ಬಗ್ಗಿ ಬೇಯಿಸಿ, ಬಗ್ಗಿ ತೊಳೆದು, ಬೆನ್ನಿನ ಒಂದು ಬಿಲ್ಲೆ ತನ್ನ ಜಾಗ ಬಿಟ್ಟು ಹೊರಗೆ ಬಂದಿತ್ತು. ಡಾಕ್ಟರು ಬೆನ್ನಿನ ಸ್ಕ್ಯಾನಿಂಗ್ ಫೋಟೋ ಬೆಳಕಿಗೆ ಹಿಡಿದು ಹೇಳಿದರು: "ಮೊದ್ಲು ಬಗ್ಗೋದು ನಿಲ್ಸಿ. ಇಲ್ಲಾಂದ್ರೆ ಆಪರೇಷನ್ನೇ. ಆಮೇಲೆ ಮೂರು ತಿಂಗಳು ಮಗೂನ ಎತ್ಕೊಳ್ಳೋ ಹಾಗಿಲ್ಲ."

ಆಗ ಗುಂಡ ನನ್ನ ಹೆಗಲ ಮೇಲಿದ್ದ, ಕಿವಿ ಜಗ್ಗುತ್ತಿದ್ದ. ನೋವನ್ನು ಹಲ್ಲು ಕಚ್ಚಿ ತಡೆದೇನು. ಆದರೆ ಮೂರು ತಿಂಗಳು ಇವನು ಕೈ ಚಾಚಿ ನಿಂತಾಗ ನಾನು ನೋಡುತ್ತ ನಿಲ್ಲುವುದು ಹೇಗೆ? ಹಗಲು ಮನೆಯಲ್ಲಿರುವ ದೊಡ್ಡವನು ನಾನೊಬ್ಬನೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಪುಟ್ಟಿ ಹುಟ್ಟಿದಾಗ ನಾನು ಅಚ್ಚುಕೂಟ ಬಿಟ್ಟೆ. ಅಂದಿನಿಂದ ಮನೆಯಲ್ಲೇ ಕೂತು ಶಾಲಾ ಪುಸ್ತಕಗಳ ಕರಡು ತಿದ್ದುತ್ತೇನೆ, ಮಿಕ್ಕಂತೆ ಮನೆ ನನ್ನದು. ಇಬ್ಬರೂ ಕೂತು ಮಾತಾಡಿಯೇ ಹಾಗೆ ಮಾಡಿದ್ದು.

ಮೇಸ್ತ್ರಿಯ ಕೆಲಸಕ್ಕೆ ಹೆಸರಿಡುವಂತಿಲ್ಲ. ಆತ ಕೂರಿಸಿದ ಟೈಲ್ಸಿನ ಸಂದಿಗೆ ಕೂದಲು ತೂರದು. ಆದರೆ ಆತನಿಗೊಂದು ಕಾಯಿಲೆ: ಅಡುಗೆಮನೆಯ ಮಾತು ಗಂಡಸಿನ ಬಾಯಿಂದ ಬಂದರೆ ಆತನ ಕಿವಿಗೆ ಇಳಿಯುವುದಿಲ್ಲ. ಸಿಂಕು ಕಿಟಕಿಯ ಕೆಳಗೆ ಬರಲಿ ಎಂದೆ. "ಅಮ್ಮಾವ್ರನ್ನ ಒಂದ್ಮಾತು ಕೇಳ್ಬಿಡೋಣ ಸರ್." ಒಲೆಯ ಎಡಗಡೆ ಹೆಚ್ಚಲು ಜಾಗ ಬೇಕು ಎಂದೆ. "ಅಮ್ಮಾವ್ರು ಎಡಗೈನವರಾ ಸರ್?" ಅಮ್ಮಾವ್ರಿಗೆ ನಮ್ಮ ಮನೆಯ ಸೌಟು ಯಾವ ಡಬ್ಬದಲ್ಲಿದೆ ಎಂದೂ ಗೊತ್ತಿಲ್ಲ ಮೇಸ್ತ್ರಿ, ಅಡುಗೆ ಮಾಡುವವನು ನಾನು ಎಂದರೆ, ಆತ ಜೋಕು ಕೇಳಿದವನಂತೆ ನಕ್ಕ. "ಸರ್ ತಮಾಷೆ ಮಾಡ್ತೀರಿ."

ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕೆಂದು ನಾನೇ ಟೇಪು ಹಿಡಿದೆ. ಚಪ್ಪಲಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ನಿಂತು, ಮೊಣಕೈಯಿಂದ ಗೇಣು ಕೆಳಗೆ ಗುರುತು ಮಾಡಿದೆ. ಮೂವತ್ತೆಂಟು ಇಂಚು. ಇಟ್ಟಿಗೆ ಕಾಣುವ ಗೋಡೆಯ ಮೇಲೆ ಪುಟ್ಟಿಯ ಕೆಂಪು ಬಣ್ಣದ ಕಡ್ಡಿಯಲ್ಲಿ ಅಂಗೈಯಗಲ ಬರೆದೆ, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮರುದಿನ ಗುಂಡನಿಗೆ ಚುಚ್ಚುಮದ್ದಿನ ದಿನ. ಬೆಳಿಗ್ಗೆ ಹೊರಟವನು ಸಾಲಿನಲ್ಲಿ ಕಾದು, ಚೀರಾಡುವ ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಗ್ರಾನೈಟು ಬಂದು ಕೂತಿತ್ತು. ಮೇಸ್ತ್ರಿ ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸುತ್ತಿದ್ದ.

"ಹೆಂಗಿದೆ ಸರ್?"

ಕಲ್ಲಿನ ಮೇಲೆ ಕೈಯಿಡಲು ಹೋದೆ. ಕೈ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಸೊಂಟವೂ ಬಗ್ಗಬೇಕಾಯಿತು.

"ಎಷ್ಟಿದೆ ಇದು?"

"ಮೂವತ್ತೆರಡು ಸರ್. ಮುಂಚಿಗಿಂತ ಒಂದಿಂಚು ಜಾಸ್ತೀನೇ ಕೊಟ್ಟಿದೀನಿ."

"ಗೋಡೆ ಮೇಲೆ ನಾನೇನು ಬರ್ದಿದ್ದೆ?"

"ಮೂವತ್ತೆಂಟು ಅಂತಿತ್ತು. ಬರೆಯೋವಾಗ ತಪ್ಪಾಗಿರ್ಬೇಕು ಅನ್ಕೊಂಡೆ."

ಇಪ್ಪತ್ತು ವರ್ಷದಿಂದ ಊರವರ ತಪ್ಪು ತಿದ್ದಿ ಬದುಕುತ್ತಿರುವವನನ್ನು ಈತ ತಿದ್ದಿದ್ದ. ಪಿತ್ತ ನೆತ್ತಿಗೇರಿತು.

"ಹಾಗಂತ ನನ್ನಿಷ್ಟಕ್ಕೆ ಮಾಡ್ಲಿಲ್ಲ ಸರ್," ಎಂದ ಮೇಸ್ತ್ರಿ, ಒಂದು ಹೆಜ್ಜೆ ಹಿಂದೆ ಸರಿದು. "ಅಮ್ಮಾವ್ರಿಗೆ ಫೋನ್ ಹಚ್ಚಿ ಕೇಳ್ದೆ. ಅವ್ರೇ ಅಂದಿದ್ದು, ಅಷ್ಟೆತ್ತರ ಬೇಡ, ಎಲ್ಲರ ಮನೇಲಿರೋ ಹಾಗೆ ಮಾಡಿ ಅಂತ."

"ಮುರಿದಿರೋದು ಯಾರ ಬೆನ್ನು ಮೇಸ್ತ್ರಿ? ಅಮ್ಮಾವ್ರದ್ದಾ? ಎಲ್ಲರ ಮನೆಯವರದ್ದಾ?" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಗುಂಡ ಅಳುವುದನ್ನೇ ನಿಲ್ಲಿಸಿ ನನ್ನ ಬಾಯಿ ನೋಡಿದ. ಮೇಸ್ತ್ರಿ ಕರಣೆ ತೊಳೆದು, ಚೀಲಕ್ಕೆ ಹಾಕಿ, ನಾಳೆ ಬರುತ್ತೇನೆಂದು ಹೊರಟುಹೋದ.

ಹೆಂಡತಿ ಬರುವುದು ಆರಕ್ಕೆ. ಸಿಟ್ಟಿಗೆ ಆರು ಗಂಟೆ ಪುರುಸೊತ್ತು ಸಿಕ್ಕರೆ ಅದು ಸುಮ್ಮನೆ ಕೂರುವುದಿಲ್ಲ, ಹಳೆಯದನ್ನೆಲ್ಲ ಕೆದಕಿ ತಂದು ಮುಂದೆ ಸುರಿಯುತ್ತದೆ. ಅವಳ ಸಹೋದ್ಯೋಗಿಗಳ ಮುಂದೆ ಅವಳು ನನ್ನನ್ನು ಎಂದೂ ಮಾತಿಗೆ ಎಳೆಯದಿದ್ದದ್ದು, ಅವಳ ಅಕ್ಕ ಬಂದಾಗ ಊಟ ಬಡಿಸಲು ಓಡೋಡಿ ತಾನೇ ಬಂದದ್ದು. ಆಗ ನನ್ನ ಮೇಲಿನ ಪ್ರೀತಿ ಅಂದುಕೊಂಡಿದ್ದೆ, ಪೆದ್ದ.

ಅವಳು ಬಂದವಳೇ ಕಟ್ಟೆ ನೋಡಿ, "ಚೆನ್ನಾಗಿ ಬಂದಿದೆಯಲ್ಲಾ!" ಎಂದು ಎರಡೂ ಅಂಗೈ ಊರಿ ನಿಂತಳು. ಅವಳ ಅಳತೆಗೆ ಹೊಲಿಸಿದಷ್ಟು ಸರಿಯಾಗಿತ್ತು.

"ಮೇಸ್ತ್ರಿ ಫೋನ್ ಮಾಡಿದ್ನಾ?"

"ಹೂಂ. ವಾರ್ಡಲ್ಲಿದ್ದೆ ರೀ, ಕೈತುಂಬಾ ಕೆಲಸ. ಎತ್ತರ ಅದೂ ಇದೂ ಅಂದ್ರು. ಏನೋ ಹೇಳ್ದೆ."

"ಏನೋ ಅಲ್ಲ. ಎಲ್ಲರ ಮನೇಲಿರೋ ಹಾಗೆ ಅಂದೆ. ಡಾಕ್ಟ್ರು ಹೇಳ್ವಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಮೂವತ್ತೆಂಟು ಯಾಕೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಅವಳು ಕಲ್ಲಿನ ಮೇಲಿಂದ ಕೈ ತೆಗೆದಳು. "ಗೊತ್ತಿತ್ತು."

"ಮತ್ತೆ?"

"ನೀವೇನು ಕೊನೇತನಕ ಇಲ್ಲೇ ನಿಂತಿರ್ತೀರಾ? ಗುಂಡ ಸ್ಕೂಲಿಗೆ ಹೋದ್ಮೇಲೆ ನೀವೂ ಸರಿಯಾದ ಒಂದು ಕೆಲಸಕ್ಕೆ ಹೋಗ್ತೀರಿ. ಆಮೇಲೆ ಇಲ್ಲಿ ನಿಲ್ಲೋಳು ನಾನೇ ತಾನೆ?"

"ಸರಿಯಾದ ಕೆಲಸ! ಹಾಗಾದ್ರೆ ನಾನಿಲ್ಲಿ ಮಾಡ್ತಿರೋದೇನು, ಮಣ್ಣಾಟಾನಾ?"

"ಕೂಗ್ಬೇಡಿ, ಮಕ್ಕಳಿದಾರೆ. ನಿಮಗೇನು, ಮನೇಲಿರ್ತೀರಿ. ಹೊರಗೆ ಕೇಳಿಸ್ಕೊಳ್ಳೋಳು ನಾನು. ಯಜಮಾನ್ರು ಏನ್ಮಾಡ್ತಾರೆ ಅಂತಾರೆ. ಸದ್ಯಕ್ಕೆ ಮನೇಲಿದಾರೆ, ಕೆಲಸ ಹುಡುಕ್ತಿದಾರೆ ಅಂತೀನಿ."

"ಎಷ್ಟು ದಿನದಿಂದ ಹಾಗೆ ಹೇಳ್ತಿದೀಯಾ?"

ಅವಳು ಕಲ್ಲಿನ ಅಂಚನ್ನು ನೋಡುತ್ತ ಹೇಳಿದಳು: "ಪುಟ್ಟಿ ಹುಟ್ಟಿದಾಗಿನಿಂದ."

ಮೈಯೆಲ್ಲ ಉರಿದುಹೋಯಿತು. ಆ ಮೇಸ್ತ್ರಿಯಾದರೂ ನನ್ನೆದುರಿಗೇ ನಕ್ಕಿದ್ದ. ಇವಳು ಆರು ವರ್ಷ ನಾನು ಮಾಡಿದ್ದನ್ನು ಉಂಡು, ನಾನು ಕಟ್ಟಿಕೊಟ್ಟ ಡಬ್ಬಿಯನ್ನು ವಾರ್ಡಿನಲ್ಲಿ ಬಿಚ್ಚಿ, ಅದೇ ಬಾಯಲ್ಲಿ ನಾನು ಏನೂ ಮಾಡುತ್ತಿಲ್ಲ ಎಂದಿದ್ದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಸಿಟ್ಟಿನಲ್ಲಿ ಅಳು ಬಂದರೆ ಸಿಟ್ಟು ಇನ್ನಷ್ಟು ಏರುತ್ತದೆ.

ಅಷ್ಟರಲ್ಲಿ ಗುಂಡ ತಪ್ಪುಹೆಜ್ಜೆ ಹಾಕುತ್ತ ಬಂದು ಎರಡೂ ಕೈ ಮೇಲೆತ್ತಿದ. ಚುಚ್ಚಿದ ತೊಡೆ ನೋಯುತ್ತಿತ್ತೋ ಏನೋ, ಮುಖ ಸಣ್ಣಗಾಗಿತ್ತು. ಬಗ್ಗಿದೆ. ಬೆನ್ನಿನೊಳಗೆ ಚಳಕ್ ಎಂದಿತು. ಕಟ್ಟೆ ಹಿಡಿದುಕೊಂಡು ಅರ್ಧಕ್ಕೇ ನಿಂತುಬಿಟ್ಟೆ, ಮೇಲೆ ಏಳಲಾರೆ, ಕೆಳಗೆ ಕೂರಲಾರೆ. ಮಗು ಕೈ ಎತ್ತಿಕೊಂಡೇ ಕಾಯುತ್ತಿತ್ತು. ಯಾಕೆ ಎತ್ತಿಕೊಳ್ಳುತ್ತಿಲ್ಲ ಎಂದು ಅದಕ್ಕೆ ತಿಳಿಯಲಿಲ್ಲ.

ಅವಳು ನರ್ಸು, ನೋವು ಯಾವುದು ನಾಟಕ ಯಾವುದು ಅವಳಿಗೆ ಮುಖ ನೋಡಿದರೆ ಗೊತ್ತಾಗುತ್ತದೆ. ಗುಂಡನನ್ನು ಎತ್ತಿಕೊಂಡಳು. ನನ್ನ ತೋಳು ಹಿಡಿಯಲು ಬಂದಳು. "ಮುಟ್ಬೇಡ" ಎಂದೆ. ಮುಟ್ಟಲಿಲ್ಲ. ಆ ರಾತ್ರಿ ಪುಟ್ಟಿ ಬ್ರೆಡ್ಡು ಊದಿಕೊಂಡು ತಿಂದು ತಾನಾಗಿಯೇ ಮಲಗಿದಳು.

ಬೆಳಿಗ್ಗೆ ಮೇಸ್ತ್ರಿ ಬಂದ. ನಾನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಒಡೀರಿ," ಎಂದೆ.

"ಸರ್, ಕಲ್ಲು ಸೀಳಿದ್ರೆ ಹೊಸದಕ್ಕೆ ಎರಡು ವಾರ ಕಾಯ್ಬೇಕು." ಹೇಳುತ್ತ ಹೇಳುತ್ತ ಆತನ ಕಣ್ಣು ಅಭ್ಯಾಸದಂತೆ ನನ್ನ ಹೆಗಲು ದಾಟಿ ಅವಳ ಕಡೆ ಹೋಯಿತು.

ಅವಳು ಯೂನಿಫಾರ್ಮಿನಲ್ಲಿದ್ದಳು. ಗುಂಡ ಕಂಕುಳಲ್ಲಿದ್ದ, ಫೋನು ಕಿವಿಯಲ್ಲಿತ್ತು. ಮೇಸ್ತ್ರಿಗೆ ಉತ್ತರ ಕೊಡದೆ ಫೋನಿನಲ್ಲಿ ಮಾತಾಡಿದಳು.

"ಸಿಸ್ಟರ್, ಇವತ್ತು ನಂಗೆ ರಜಾ ಬೇಕು. ಮನೇಲಿ ಅಡುಗೆಕಟ್ಟೆ ಒಡೆಸ್ಬೇಕು... ಹೌದು, ಹೊಸದೇ. ನಂಗೆ ಸರಿಯಾಗೇ ಇದೆ, ನಮ್ಮನೆಯವ್ರಿಗೆ ಆಗಲ್ಲ. ಅಡುಗೆ ಮಾಡೋದು ಅವ್ರೇ... ಇಲ್ಲ, ಈಗಲ್ಲ, ಆರು ವರ್ಷದಿಂದ." ಅವಳು ಗೋಡೆಯ ಕಡೆ ತಿರುಗಿದಳು. "ಇಲ್ಲ ಸಿಸ್ಟರ್, ಕೆಲಸ ಹುಡುಕ್ತಿಲ್ಲ. ಯಾವತ್ತೂ ಹುಡುಕ್ತಿರ್ಲಿಲ್ಲ. ನಾನೇ ನಿಮ್ಗೆಲ್ಲ ಸುಳ್ಳು ಹೇಳ್ತಿದ್ದೆ."

ಆ ಕಡೆಯವರು ಏನೋ ಕೇಳಿರಬೇಕು. "ಹೂಂ," ಎಂದಳು. "ನಾಚಿಕೆಗೆ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಮೇಸ್ತ್ರಿ ತಲೆ ತಗ್ಗಿಸಿ ಸುತ್ತಿಗೆಯ ಹಿಡಿ ಉಜ್ಜುತ್ತಿದ್ದ. ನನ್ನ ಸಿಟ್ಟು ಇಳಿಯಲಿಲ್ಲ. ಆರು ವರ್ಷದ ಸುಳ್ಳಿಗೆ ಒಂದು ಫೋನು ಎಲ್ಲಿ ಸಾಲುತ್ತದೆ? ಆದರೆ ಆ ಒಂದು ಫೋನು ಮಾಡಲು ಅವಳು ಬೆಳಗಿನಿಂದ ಎಷ್ಟು ಸಲ ಅದನ್ನು ಕೈಗೆತ್ತಿ ಕೆಳಗಿಟ್ಟಳೆಂದು ನಾನು ಮಂಚದ ಮೇಲಿಂದ ನೋಡಿದ್ದೆ. ನೋಡಿಬಿಟ್ಟೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಮನಸ್ಸು ತುಂಬ ಕೋಪ ಮಾಡಿಕೊಳ್ಳುವ ಹಕ್ಕು ಒಂದು ಇತ್ತು, ಅದನ್ನೂ ಇವಳು ಅರ್ಧ ಕಿತ್ತುಕೊಂಡಳು.

"ಮಕ್ಕಳನ್ನ ಒಳಗೆ ಕರ್ಕೊಂಡು ಹೋಗು, ಕಲ್ಲು ಸಿಡಿಯುತ್ತೆ," ಎಂದೆ. ಅವಳು ಪುಟ್ಟಿಯ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ನನ್ನನ್ನೇ ನೋಡುತ್ತ ಕಾಯುತ್ತಿದ್ದ.