ಆರು ಹೆಸರಿನ ಬೆಂಚು

ಬುಧವಾರ ಬೆಳಗಿನ ಪೂಜೆಗೆ, ಜನರಿಗೆ ಜಪ ಕೀರ್ತನೆ ಕಲಿಸುವ ಉಪದೇಶಿ ಚೌರಪ್ಪನವರು ಬರಲಿಲ್ಲ. ಪಾದ್ರಿ ಸ್ವಾಮಿಗಳು ಪೀಠದ ಬಳಿ ನಿಂತು, "ನಮ್ಮ ಉಪದೇಶಿಗಳು ನಿನ್ನೆ ಕರ್ತರ ಪಾದ ಸೇರಿದರು" ಎಂದರು. ಜನ ಅತ್ತರು. ಮರಕ್ಕೆ ಅಳಲು ಬರುವುದಿಲ್ಲ. ನನಗೆ ಬಂದದ್ದು ಸಿಟ್ಟು.

ನಾನು ಒಂದು ಬೆಂಚು. ಊರ ಯೇಸುವಿನ ಗುಡಿಯಲ್ಲಿ ಕೀರ್ತನೆ ಹಾಡುವವರು ಕೂರಲೆಂದು ಬಡಗಿ ಸಂದ್ಯಾಗಪ್ಪ ನನ್ನನ್ನು ಹೊನ್ನೆ ಮರದಿಂದ ಮಾಡಿದ. ವಾದ್ಯವಿಲ್ಲದೆ, ಬರೀ ಕಂಠದಲ್ಲಿ ಹಾಡುವ ಹಳೆಯ ಕ್ರಮ ಅವರದು. ಆರು ಮನೆಯವರು ಮರ ಕೊಟ್ಟರೆಂದು ಆ ಆರು ಮನೆಗಳ ಹೆಸರನ್ನು ನನ್ನ ಬೆನ್ನ ಮೇಲೆ ಕೆತ್ತಿದರು. ಆಗ ಹೆಮ್ಮೆಪಟ್ಟೆ. ಎಂಥ ದಡ್ಡತನ!

ಮೊದಲ ಆರು ಜನ ಚೆನ್ನಾಗಿ ಹಾಡಿದರು. ಅವರ ಮಕ್ಕಳು ಸುಮಾರಾಗಿ ಹಾಡಿದರು. ಮೊಮ್ಮಕ್ಕಳು ಬರುವುದನ್ನೇ ಬಿಟ್ಟರು. ಜಾಗ ಮಾತ್ರ ಬಿಡಲಿಲ್ಲ.

ಎಪ್ಪತ್ತು ದಾಟಿದ ಚೌರಪ್ಪನವರು ಹೊಸ ಹಾಡುಗಾರರಿಗಾಗಿ ಮನೆ ಮನೆ ಅಲೆದರು. ರೇಷ್ಮೆ ನೂಲು ತೆಗೆಯುವ ಮದಲೇನಮ್ಮ, ಅವಳ ತಂಗಿ ಲೂರ್ದಮ್ಮ, ಪಂಚರ್ ಅಂಗಡಿಯ ಜಕ್ರಿಯಾಸ್ ಬಂದರು. ಯಾರ ದನಿಯನ್ನೂ ಅವರು ಪರೀಕ್ಷಿಸಲಿಲ್ಲ. "ಪಕ್ಕದವ್ರು ಹಾಡೋದು ಕೇಳುಸ್ತದಾ? ಅಷ್ಟು ಸಾಕು, ಕುಂತ್ಕೊ" ಎಂದರು.

ಮೊದಲ ಭಾನುವಾರವೇ, ಮರ ಕೊಟ್ಟ ಮನೆಯ ಅಂತೋಣಪ್ಪ ಬಂದು ನಿಂತ.

"ಏಳವ್ವ, ಇದು ನಮ್ಮಜ್ಜನ ಜಾಗ."

"ನಿಮ್ಮಜ್ಜ ಹೋಗಿ ನಲವತ್ತು ವರ್ಸ ಆಯ್ತಲ್ಲಣ್ಣ" ಎಂದಳು ಮದಲೇನಮ್ಮ. "ನೀನೇ ಕುಂತು ಹಾಡು, ಏಳ್ತೀನಿ."

"ಹಾಡೋದು ಬಿಡೋದು ನಮ್ಮಿಷ್ಟ. ಜಾಗ ನಮ್ದು."

ಅವಳು ಎದ್ದಳು. ಮಿಕ್ಕಿಬ್ಬರೂ ಎದ್ದರು. ಅಂತೋಣಪ್ಪ ಕೂರಲೂ ಇಲ್ಲ, ಹೊರಟುಹೋದ.

ನನ್ನ ಮೇಲೆ ಧೂಳು ಕೂತಿತು. ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಚೌರಪ್ಪನವರು ಆ ಮೂವರನ್ನು ಪಕ್ಕದ ಬಾಗಿಲ ಮೆಟ್ಟಿಲ ಮೇಲೆ ಕೂರಿಸಿ ಕಲಿಸಿದರು. "ನಾ ಸತ್ರೆ ಹಾಡಿ ಕಳ್ಸೋರು ಬೇಕಲ್ಲಪ್ಪ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಭಯವಿತ್ತು.

ಸಾವಿನ ಸುದ್ದಿ ಬಂದ ಮರುದಿನ, ಗುರುವಾರ, ಅವರ ಶವಪೆಟ್ಟಿಗೆ ಗುಡಿಯೊಳಗೆ ಬಂತು. ಆರು ಮನೆಯವರೂ ಇಸ್ತ್ರಿ ಬಟ್ಟೆಯಲ್ಲಿ ಬಂದು ನನ್ನ ಮೇಲೆ ಭರ್ತಿಯಾಗಿ ಕೂತರು. ಸ್ವಾಮಿಗಳು ಕೀರ್ತನೆಗೆ ಸನ್ನೆ ಮಾಡಿದರು. ಒಂದು ಬಾಯಿಯೂ ತೆರೆಯಲಿಲ್ಲ. ಅಂತೋಣಪ್ಪ ಕೆಮ್ಮಿದ, ಅಷ್ಟೆ. ಆರು ಜನರನ್ನೂ ಕೆಡವಿ ಮುರಿದುಬೀಳಬೇಕು ಅನ್ನಿಸಿತು. ಸಂದ್ಯಾಗಪ್ಪನ ಕೆಲಸ ಗಟ್ಟಿ, ಆಗಲಿಲ್ಲ.

ಮೆಟ್ಟಿಲ ಬಳಿಯಿಂದ ಮದಲೇನಮ್ಮ ದನಿ ಎತ್ತಿದಳು. ಲೂರ್ದಮ್ಮ ಸೇರಿದಳು, ಜಕ್ರಿಯಾಸ್ ಸೇರಿದ. ಒಂದು ಸಾಲೂ ತಪ್ಪದೆ ಕೊನೆಯವರೆಗೆ ಹಾಡಿದರು. ನನ್ನ ಮೇಲಿದ್ದವರು ತಿರುಗಿ ನೋಡಿದರು. ಯಾರೂ ಎದ್ದು ಜಾಗ ಕೊಡಲಿಲ್ಲ.

ಆಮೇಲೆ ಇನ್ನಿಬ್ಬರು ಹೊಸಬರು ಬಂದಿದ್ದಾರೆ. ಅವರೂ ಮೆಟ್ಟಿಲ ಮೇಲೇ ಕೂರುತ್ತಾರೆ. ನಾನು ಮುದಿಯಾಗಿದ್ದೇನೆ, ಸಿಟ್ಟು ಇಳಿದಿಲ್ಲ. ಕ್ಷಮಿಸುವುದನ್ನು ನನಗೆ ಕರ್ತರೇ ಕಲಿಸಬೇಕು.

ಕರ್ತರೇ, ನಿಮ್ಮ ಸೇವಕ ಚೌರಪ್ಪನವರು ಬಹಳ ದಣಿದಿದ್ದಾರೆ. ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ. ಅವರ ಆತ್ಮ ಶಾಂತಿಯಲ್ಲಿರಲಿ. ಆಮೆನ್.