ಶಿವದಾರದ ತಪ್ಪಲ್ಲ

ನಮ್ಮ ಕಡೆಯವರಿಗೆ ಬೇನೆ ಬಂದರೆ ದವಾಖಾನೆ ನೆನಪಾಗುವುದು ಆಮೇಲೆ, ಮೊದಲು ಕಾರಣ ಸಿಗಬೇಕು. ನೆಗಡಿಯಾದರೆ ಮೊಸರಿನ ತಪ್ಪು, ಸೊಂಟ ಹಿಡಿದರೆ ಹಾಸಿಗೆಯ ತಪ್ಪು. ಠಾಣಾ ಕುಶನೂರಿನ ಸುಮಿತ್ರಾಬಾಯಿಯ ಕುತ್ತಿಗೆಯ ಬದಿಯಲ್ಲಿ ಗಂಟು ಎದ್ದಾಗ ಅವರು ತಪ್ಪು ಹೊರಿಸಿದ್ದು ಶಿವದಾರದ ಮೇಲೆ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದೆ, ಅದರ ಭಾರಕ್ಕೆ ದಾರ ಉಜ್ಜಿ ಬಾವು ಬಂದಿದೆ ಎಂದುಕೊಂಡರು. ಮೆತ್ತನೆಯ ದಾರ ಕಟ್ಟಿಕೊಂಡು ಅರಿಸಿನ ಹಚ್ಚಿದರು. ನೋವಿರಲಿಲ್ಲ, ಹಾಗಾಗಿ ಗಂಟಿನ ಹೆದರಿಕೆಯೂ ಇರಲಿಲ್ಲ. ಸೋಯಾ ರಾಶಿಯ ಹೊತ್ತಿಗೆ ಹುಟ್ಟಿದ ಗಂಟು ಮೂರು ತಿಂಗಳಾಗಿ ತೊಗರಿ ರಾಶಿ ಬಂದರೂ ಇಳಿಯಲಿಲ್ಲ, ಇನ್ನಷ್ಟು ಬೆಳೆಯಿತು.

ಆ ಊರಿನ ಆರೋಗ್ಯ ಕೇಂದ್ರದ ನರ್ಸ್ ಮಹಾಮಾಯಾ ಪಕ್ಕದ ಓಣಿಯವರೇ. ಸ್ವಸಹಾಯ ಸಂಘದ ಸಭೆಯಲ್ಲಿ ಗಂಟು ಅವರ ಕಣ್ಣಿಗೆ ಬಿತ್ತು. ಸಂಜೆ ನೇರ ಸುಮಿತ್ರಾಬಾಯಿಯ ಮನೆಗೇ ಬಂದರು.

“ಅಕ್ಕಾ, ಬೀದರಿಗಿ ಹೋಗಿ ಗಂಟು ತೋರ್ಸಮ್ ನಡೀರಿ.”

“ದಾರ ಉಜ್ಜಿದ್ದು ತಂಗಿ. ಅದಕ್ಯಾಕ ಬೀದರ?”

“ದಾರ ಬದಲಿ ಮಾಡಿದ ಮ್ಯಾಲ ಇಳೀಬೇಕಿತ್ತಲ್ರಿ? ನಿಮ್ಮ ಮೈನೂ ಇಳದದ.”

ಸುಮಿತ್ರಾಬಾಯಿಯ ಗಂಡ ಹಾವಗೆಪ್ಪ, ಕಿರಾಣಿ ಅಂಗಡಿಯವರು, ನಡುವೆ ಬಾಯಿ ಹಾಕಿದರು. “ಕತ್ತರಿ ತಾಗ್ಸಿದ್ರ ಮೈತುಂಬ ಹರಡ್ತದ್ರಿ. ಭಾಲ್ಕಿದಾಗ ನಮ್ಮ ಬೀಗರೊಬ್ರು ಹಂಗೇ ಹೋದ್ರು.”

“ಅವರು ದವಾಖಾನಿಗಿ ಯಾವಾಗ ಹೋಗಿದ್ರು ಅಣ್ಣಾ?”

“ಅನ್ನ ನುಂಗಲಕ್ಕ ಬರದಂಗಾದ ಮ್ಯಾಲ,” ಎಂದರು ಹಾವಗೆಪ್ಪ.

ಮಹಾಮಾಯಾ ಚಾಪೆಯ ಮೇಲೆ ಕೂತರು. “ಅವರು ಹೋದದ್ದು ಕತ್ತರಿಗಿ ಅಲ್ರಿ, ತಡ ಮಾಡಿದ್ದಕ್ಕ. ಕೇಳ್ರಿ, ನಮ್ಮ ಮೈಯಾಗ ಬಿಳಿ ರಕ್ತಕಣ ಇರ್ತಾವ. ರೋಗದ ಸಂಗಟ ಬಡದಾಡವು ಅವೇ. ರೋಗ ಬಂದ್ರ ಒಂದು ಎರಡಾಗಿ, ಎರಡು ನಾಕಾಗಿ ಬೆಳೀತಾವ. ಆವಾಗ ಗಂಟು ಏಳೋದು ಖರೆ. ರೋಗ ಹೋದ ಮ್ಯಾಲ ಹೆಚ್ಚಾದವು ತಾವೇ ಸಾಯ್ತಾವ, ಗಂಟೂ ಇಳೀತದ.”

“ಸಾಯ್ತಾವ? ಮತ್ತ ಮನುಷ್ಯಾನ ಗತಿ?”

“ಹೊತ್ತಿಗಿ ಸರಿಯಾಗಿ ಸಾಯೋದೇ ಛಲೋ ರಿ. ಕಣದೊಳಗ ಥರಾಥರದ ಪ್ರೋಟೀನ್ ಇರ್ತಾವ. ಕೆಲವು ‘ಎರಡಾಗು’ ಅಂತಾವ. ಕೆಲವು ‘ನಿಂದ್ರು, ಒಳಗ ಏನರ ಕೆಟ್ಟದೇನ್ ನೋಡು’ ಅಂತಾವ. ಕೆಟ್ಟದ್ದು ರಿಪೇರಿ ಆಗಲ್ಲ ಅಂದ್ರ ‘ನಿಂದು ಮುಗೀತು’ ಅಂತ ಕಳಿಸ್ತಾವ. ಈ ಹೇಳೋ ಪ್ರೋಟೀನೇ ಹಾಳಾದ್ರ ಕಣ ನಿಲ್ಲಲ್ಲ, ಸಾಯಲ್ಲ. ಲಗ್ನ ಮುಗದ್ರೂ ಹೋಗಲಾರದ ಬೀಗರು ಮ್ಯಾಲಿಂದ ತಮ್ಮ ಮಂದಿಗಿ ಕರಸ್ಕೊಂಡಂಗ ಆತದ.”

“ಅಂಥ ಬೀಗರು ನಮಗೂ ಅದಾರ್ರಿ,” ಎಂದು ಹಾವಗೆಪ್ಪ ನಕ್ಕರು.

“ಯಾರ ಕಡೀದವ್ರು ಅಂತ ಆಮ್ಯಾಲ ಹೇಳ್ತೇನಿ,” ಎಂದು ಸುಮಿತ್ರಾಬಾಯಿ ಗಂಡನನ್ನು ದುರುಗುಟ್ಟಿ ನೋಡಿದರು. ಮರುಗಳಿಗೆಗೆ ಅವರ ಕಣ್ಣು ತುಂಬಿದವು. “ತಂಗಿ, ಕತ್ತರಿಗಿ ನಾ ಅಂಜಲ್ಲ. ದವಾಖಾನ್ಯಾಗ ಕೊಳ್ಳಾಗಿನ ಲಿಂಗ ತೆಗೀರಿ ಅಂತಾರಂತಲ್ಲ. ತಿಳುವಳಿಕಿ ಬಂದಾಗಿಂದ ಅದು ನನ್ನ ಮೈ ಬಿಟ್ಟಿಲ್ಲ. ಅದಕ್ಕ ಅಗಲಿ ಬದುಕಿ ಏನ್ ಮಾಡ್ಲಿ?”

ಇಷ್ಟು ದಿನ ಈ ಹೆಂಗಸು ದವಾಖಾನೆಯ ಹೆಸರೆತ್ತದೆ ಇದ್ದದ್ದು ಇದಕ್ಕೆ! ಮಹಾಮಾಯಾ ನಗಲಿಲ್ಲ, ಉಪದೇಶವನ್ನೂ ಹೇಳಲಿಲ್ಲ. ಅಲ್ಲೇ ಬೀದರಿನ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಲಿಂಗದ ವಿಷಯ ಕೇಳಿದರು. ಡಾಕ್ಟರು ಹೇಳಿದ್ದು ಎಲ್ಲರಿಗೂ ಕೇಳಿಸಿತು. “ಬೆಳ್ಳಿ ಕರಡಿಗಿ ಮನ್ಯಾಗ ಇಡ್ರಿ. ಲಿಂಗ ವಸ್ತ್ರದಾಗ ಸುತ್ತಿ ತೋಳಿಗಿ ಕಟ್ಟಿಕೊಂಡು ಬರ್ರಿ. ಗಂಟಿಂದು ಒಂದು ಚೂರು ತೆಗದು ನೋಡಲಕ್ಕ ಅದೇನೂ ಅಡ್ಡ ಬರಲ್ಲ.”

“ಮೈಮ್ಯಾಲೇ ಇರ್ತದಲ್ರಿ?” ಎಂದು ಸುಮಿತ್ರಾಬಾಯಿ ಎರಡೆರಡು ಸಲ ಕೇಳಿದರು. ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದವರೂ ಅವರೇ.

ಪರೀಕ್ಷೆಯಲ್ಲಿ ಲಿಂಫೋಮಾ ಎಂದು ತಿಳಿಯಿತು. ಸಾಯಬೇಕಾದ ಬಿಳಿ ಕಣಗಳು ಸಾಯದೆ ಗುಂಪುಗೂಡುವ ಕ್ಯಾನ್ಸರ್ ಅದು. ಹಾವಗೆಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟರು. “ಇನ್ನೂ ಹೊತ್ತು ಮೀರಿಲ್ಲ, ಇದಕ್ಕ ಒಳ್ಳೆ ಔಷಧ ಅದ,” ಎಂದು ಡಾಕ್ಟರು ಧೈರ್ಯ ಹೇಳಿದರು. ಔಷಧ ಕೆಟ್ಟ ಕಣಗಳ ಜೊತೆ ಕೆಲವು ಒಳ್ಳೆಯ ಕಣಗಳನ್ನೂ ಕೊಲ್ಲುತ್ತದೆ, ಜ್ವರ ಬಂದರೆ ತಕ್ಷಣ ಬರಬೇಕು ಎಂದೂ ಎಚ್ಚರಿಸಿದರು. ಔಷಧ ನಡೆದಿರುವಾಗ ಒಮ್ಮೆ ಜ್ವರ ಬಂದೇ ಬಂತು. ಹಾವಗೆಪ್ಪ ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಹೆಂಡತಿಯನ್ನು ಜೀಪಿನಲ್ಲಿ ಬೀದರಿಗೆ ಕರೆದೊಯ್ದರು. ಆ ಓಟವೇ ಸುಮಿತ್ರಾಬಾಯಿಯನ್ನು ಉಳಿಸಿತು.

ಈಗ ಗಂಟು ಕರಗಿದೆ. ಉದುರಿದ ಕೂದಲು ಮತ್ತೆ ಬರುತ್ತಿದೆ. ಡಾಕ್ಟರು ಕರೆದಾಗಲೆಲ್ಲ ಹೋಗಿ ತೋರಿಸಿಕೊಂಡು ಬರುತ್ತಾರೆ. ಹಾವಗೆಪ್ಪ ಅಂಗಡಿಗೆ ಬಂದವರಿಗೆಲ್ಲ, “ಮೊದಲು ಕುತ್ತಿಗಿ ಮುಟ್ಟಿ ನೋಡ್ಕೋರಿ, ಸಕ್ರಿ ಆಮ್ಯಾಲ ಕೊಡ್ತೇನಿ,” ಎನ್ನುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮುಟ್ಟಿ ನೋಡಿಕೊಳ್ಳಿ: ಕುತ್ತಿಗೆ, ಕಂಕುಳು, ತೊಡೆಸಂದಿ. ಎರಡು ಮೂರು ವಾರವಾದರೂ ಇಳಿಯದ ಗಂಟಿದ್ದರೆ, ನೋವಿಲ್ಲದಿದ್ದರೂ, ತೋರಿಸಿ. ಜ್ವರ ಬಿಡದಿದ್ದರೆ, ರಾತ್ರಿ ಬೆವರುತ್ತಿದ್ದರೆ, ಮೈ ಇಳಿದಿದ್ದರೆ ಇನ್ನೂ ಬೇಗ ಹೊರಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಕೆಲವು ಬರೀ ಸೋಂಕು, ಕೆಲವು ಕ್ಷಯ. ಯಾವುದೆಂದು ಹೇಳುವುದು ಪರೀಕ್ಷೆಯೇ ಹೊರತು ನಾವಲ್ಲ. ಮನಸ್ಸಿನಲ್ಲಿ ಅಂಜಿಕೆಯಿದ್ದರೆ ನಾಚದೆ ನಿಮ್ಮೂರಿನ ನರ್ಸಿಗೆ ಹೇಳಿ. ಅದಕ್ಕೂ ಒಂದು ದಾರಿ ಇದ್ದೇ ಇರುತ್ತದೆ.