ಸೀನಿಯಾರಿಟಿ ಪ್ರಕಾರ ಹಗ್ಗಜಗ್ಗಾಟ

ಕಾಲೇಜಿನ ಅಧ್ಯಾಪಕರ ಕಾಲುಗಳನ್ನು ಕಂಡರೆ ನಂಜುಂಡಸ್ವಾಮಿಗೆ ಮೈ ಉರಿಯುತ್ತಿತ್ತು. ತಲೆಗೆ ಜರಿಪೇಟ, ಮೈಗೆ ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಎಲ್ಲ ಸರಿ. ಕೆಳಗೆ ಬಂದರೆ ಕಚ್ಚೆಪಂಚೆಯೊಳಗೆ ಎರಡು ಕಡ್ಡಿ, ಕಡ್ಡಿಗಳ ತುದಿಗೆ ನುಣುಪು ತಳದ ಪಂಪ್ ಷೂ. ಮೇಜಿಗೂ ಕುರ್ಚಿಗೂ ನಡುವೆ ಬಾಡಿಹೋದ ಈ ಕಾಲುಗಳನ್ನು ನೆಲಕ್ಕೆ ಊರಿಸಿ, ಹಗ್ಗ ಎಳೆಸಿ, ಗೆಲ್ಲಿಸಬೇಕಾಗಿತ್ತು. ಗೆದ್ದರೆ ಅವನ ಕೆಲಸ ಖಾಯಂ.

ಆ ಮಾತು ಕೊಟ್ಟವರು ಪ್ರಿನ್ಸಿಪಾಲ್ ಅನಂತಪದ್ಮನಾಭಯ್ಯನವರು. “ಈ ಸಲ ಕಪ್ಪು ಗೆದ್ದುಕೊಡ್ರೀ. ನಿಮ್ಮ ಕೆಲಸದ ವಿಚಾರ ನನಗೆ ಬಿಡಿ” ಎಂದಿದ್ದರು. ಅದು ಐವತ್ತೆಂಟರ ಫೆಬ್ರವರಿ. ಮೈಸೂರಿನ ಒಂದು ಸರ್ಕಾರಿ ಕಚೇರಿಯ ಗುಮಾಸ್ತರಿಗೂ ಕಾಲೇಜಿನ ಅಧ್ಯಾಪಕರಿಗೂ ವರ್ಷಕ್ಕೊಮ್ಮೆ ಹಗ್ಗಜಗ್ಗಾಟ ನಡೆಯುತ್ತಿತ್ತು. ಪ್ರತಿ ವರ್ಷವೂ ಅಧ್ಯಾಪಕರು ಮಣ್ಣು ಮುಕ್ಕುತ್ತಿದ್ದರು.

ನಂಜುಂಡಸ್ವಾಮಿ ಬೋಗಾದಿಯ ಒಕ್ಕಲು ಮನೆಯವನು. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ, ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ತಂದು, ಈ ಕಾಲೇಜಿನಲ್ಲಿ ಮೂರು ವರ್ಷದಿಂದ ಹಂಗಾಮಿ ವ್ಯಾಯಾಮ ಶಿಕ್ಷಕನಾಗಿದ್ದ. ಮಾರ್ಚಿಗೆ ಖಾಯಂ ಆಗದಿದ್ದರೆ ಊರಿಗೆ ಹೋಗಿ ನೇಗಿಲು ಹಿಡಿಯಬೇಕು. ಅವನಿಗೆ ನೇಗಿಲಿನ ಹೆದರಿಕೆ ಇರಲಿಲ್ಲ, ಇದ್ದದ್ದು ಅಣ್ಣನ ಬಾಯಿಯದು. “ಅಷ್ಟ್ ಓದ್ಬುಟ್ಟು ಹುಡುಗ್ರನ್ನ ಓಡ್ಸೋ ಕೆಲ್ಸವೇನ್ಲಾ? ನಮ್ ನಾಯಿ ಓದ್ದೇನೇ ಓಡುಸ್ತದೆ” ಎಂದು ಅವನು ಹಬ್ಬಹಬ್ಬಕ್ಕೂ ಕೇಳುತ್ತಿದ್ದ.

ಮೊದಲ ದಿನದ ಅಭ್ಯಾಸಕ್ಕೆ ಪ್ರಿನ್ಸಿಪಾಲರೂ ಸೇರಿ ತಂಡದ ಎಂಟು ಜನರೂ ಕೋಟು ಪೇಟ ಸಮೇತ ಬಂದರು. ನಂಜುಂಡಸ್ವಾಮಿ ಹಗ್ಗ ಎತ್ತಿ ತೋರಿಸಿದ.

“ಸಾರ್, ಅವರು ನಮ್ಮನ್ನ ಎಷ್ಟು ಎಳೀತಾರೋ ನಾವೂ ಅವರನ್ನ ಅಷ್ಟೇ ಎಳೀತಿರ್ತೀವಿ. ಹಗ್ಗದ ಎರಡು ಕಡೆಗೂ ಎಳೆತ ಒಂದೇ. ಗೆಲ್ಲೋದು ಕೈಯಿಂದಲ್ಲ, ಕಾಲಿಂದ. ಯಾರು ನೆಲವನ್ನ ಜಾರದ ಹಾಗೆ ಜೋರಾಗಿ ಒತ್ತಿ ನಿಲ್ತಾರೋ ಅವರದ್ದು ಗೆಲುವು.”

“ಎರಡು ಕಡೆಗೂ ಒಂದೇ ಅಂದ್ಮೇಲೆ ಎಳೆಯೋದಾದರೂ ಯಾಕ್ರೀ?” ಎಂದರು ಪ್ರಿನ್ಸಿಪಾಲರು.

ಎಲ್ಲರೂ ನಕ್ಕರು. ಭೌತಶಾಸ್ತ್ರದ ಲಕ್ಷ್ಮೀನರಸಿಂಹಯ್ಯನವರೂ ನಕ್ಕರು. ಇದೇ ನಿಯಮವನ್ನು ಅವರು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದರು. ಆ ನಿಯಮ ಬೋರ್ಡು ಬಿಟ್ಟು ಇಳಿದು ಹುಲ್ಲಿನ ಮೇಲೆ ಓಡಾಡುತ್ತದೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

“ಆ ಷೂ ಜಾರ್ತವೆ ಸಾರ್. ಬರಿಗಾಲಾದ್ರೂ ವಾಸಿ.”

“ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗ್ತೀವಿ, ಇಲ್ಲಾ ಹೆಣದ ಹಿಂದೆ ಹೋಗ್ತೀವಿ” ಎಂದರು ಸಂಸ್ಕೃತದ ದೊರೆಸ್ವಾಮಿ ಅಯ್ಯಂಗಾರ್ಯರು. ಕೊನೆಗೆ, ತಳಕ್ಕೆ ರಬ್ಬರು ಹೊಡೆಸಲು ಒಪ್ಪಿದರು.

“ಮಂಡಿ ಬಗ್ಗಿಸಿ, ತಗ್ಗಿ, ಹಿಂದಕ್ಕೆ ವಾಲಿ. ಮೈಯ ಭಾರವೆಲ್ಲ ಹಿಮ್ಮಡಿಯಿಂದ ಆಚೆ ಹೋಗಬೇಕು.”

“ಬಿದ್ದುಹೋಗ್ತೀವಲ್ರೀ!”

“ಎದುರಿನವರು ಹಗ್ಗ ಹಿಡಿದಿರೋವರೆಗೂ ಬೀಳಲ್ಲ ಸಾರ್. ನಮ್ಮನ್ನ ಬೀಳದ ಹಾಗೆ ಹಿಡಿದಿರೋರೇ ಅವರು.”

ಅತಿ ಭಾರದವನು ಹಗ್ಗದ ಕೊನೆಯಲ್ಲಿರಬೇಕೆಂದು ಅವನು ಹೇಳಿದಾಗ ನಿಜವಾದ ತೊಡಕು ಬಂತು. ಇತಿಹಾಸದ ಟ್ಯೂಟರ್ ಕೃಷ್ಣಪ್ಪ ಇನ್ನೂರು ಪೌಂಡಿನ ಆಳು. ಆದರೆ ಸೇರಿ ಎಂಟು ತಿಂಗಳಷ್ಟೇ.

“ಭಾರವೆಲ್ಲ ಕೊನೆಯವನ ಮೇಲೆ ಬೀಳುತ್ತೆ ಅಂದರೆ ಅದು ನನ್ನ ಸ್ಥಾನವೇ ಆಯಿತಲ್ಲ” ಎಂದರು ಪ್ರಿನ್ಸಿಪಾಲರು. “ಸಾಲು ಸೀನಿಯಾರಿಟಿ ಪ್ರಕಾರ ಇರಲಿ.” ಮಳೆಯಲ್ಲಿ ನೆನೆದು ನಿಂತರೂ ಅವರು ನೂರಿಪ್ಪತ್ತು ಪೌಂಡು ತೂಗುವವರಲ್ಲ.

ಇವರ ಮುಂದೆ ವಿಜ್ಞಾನ ಹೇಳಿ ಫಲವಿಲ್ಲವೆಂದು ನಂಜುಂಡಸ್ವಾಮಿಗೆ ಅರ್ಥವಾಯಿತು. “ನಿಮ್ಮಿಷ್ಟ ಸಾರ್. ಆದರೆ ಫೋಟೋದವನು ಮಧ್ಯದ ಗೆರೆ ಹತ್ತಿರ ನಿಲ್ತಾನೆ. ಮುಖ್ಯ ಅತಿಥಿಗಳ ಕುರ್ಚಿಯೂ ಅಲ್ಲೇ. ಕೊನೆಯವನು ಪಟದೊಳಕ್ಕೇ ಬರಲ್ಲ.”

ಪ್ರಿನ್ಸಿಪಾಲರು ಪೇಟ ಸರಿಮಾಡಿಕೊಂಡು ಮುಂದಕ್ಕೆ ಬಂದರು. ಎರಡನೆಯ ಜಾಗಕ್ಕೆ ಲಕ್ಷ್ಮೀನರಸಿಂಹಯ್ಯನವರಿಗೂ ದೊರೆಸ್ವಾಮಿಗಳಿಗೂ ಜಗಳ ಹತ್ತಿತು. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಒಬ್ಬರು ಪೂರ್ವಾಹ್ನ, ಇನ್ನೊಬ್ಬರು ಅಪರಾಹ್ನ. ಪೂರ್ವಾಹ್ನದವರ ಬೆನ್ನು ನೋಡುತ್ತ ನಿಲ್ಲಲು ಅಪರಾಹ್ನದವರು ಸುತರಾಂ ಒಪ್ಪಲಿಲ್ಲ. ಹಗ್ಗದ ಎಡಕ್ಕೊಬ್ಬರು, ಬಲಕ್ಕೊಬ್ಬರು ಜೋಡಿಯಾಗಿ ನಿಲ್ಲಿ ಎಂದು ನಂಜುಂಡಸ್ವಾಮಿ ರಾಜಿ ಮಾಡಿದ. ಕೃಷ್ಣಪ್ಪ ತನ್ನಷ್ಟಕ್ಕೆ ತಾನೇ ಕೊನೆಗೆ ಹೋದ.

“ಕೊನೇಲ್ ಬಂದೋನು ಕೊನೇಗ್ ನಿಂತ್ಕತೀನಿ ಬುಡಿ ನಂಜುಂಡಣ್ಣ” ಎಂದ. ನಂಜುಂಡಸ್ವಾಮಿ ಹಗ್ಗವನ್ನು ಅವನ ಕಂಕುಳಡಿ ತಂದು, ಬೆನ್ನಿನ ಮೇಲೆ ಹಾಯಿಸಿ, ಹೆಗಲ ಮೇಲಿಂದ ಇಳಿಬಿಟ್ಟ.

ಪಂದ್ಯದ ದಿನ ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಅವರು ಎದುರು ತಂಡದ ಕಚೇರಿಯ ದೊಡ್ಡ ಸಾಹೇಬರೇ. ಹೊತ್ತು ಇಳಿಯುತ್ತಿದ್ದುದರಿಂದ ರೆಫರಿ ಕಾಯದೆ ಸೀಟಿ ಊದಿದ.

ಹಗ್ಗ ಬಿಗಿಯಿತು. ಮಧ್ಯಕ್ಕೆ ಕಟ್ಟಿದ್ದ ಕೆಂಪು ಬಟ್ಟೆ ಅತ್ತ ಒಂದು ಗೇಣು ಹೋಯಿತು, ನಿಂತಿತು. “ತಗ್ಗಿ ಸಾರ್, ತಗ್ಗಿ! ವಾಲಿ!” ಎಂದು ನಂಜುಂಡಸ್ವಾಮಿ ಕೂಗಿದ. ಆಶ್ಚರ್ಯ, ಅವರು ತಗ್ಗಿದರು. ಮಂಡಿಗಳು ಬಗ್ಗಿದವು, ಬೆನ್ನುಗಳು ವಾಲಿದವು, ರಬ್ಬರು ಹೊಡೆಸಿದ ಷೂಗಳು ಹುಲ್ಲನ್ನು ಕಚ್ಚಿದವು. ಬಟ್ಟೆ ಇತ್ತ ಬರತೊಡಗಿತು. ದೊರೆಸ್ವಾಮಿಗಳ ಪೇಟ ಬಿದ್ದು, ಜುಟ್ಟು ಬಿಚ್ಚಿ ಹಾರಾಡುತ್ತಿತ್ತು. ಅವರು ಅದನ್ನು ಲೆಕ್ಕಿಸಲೇ ಇಲ್ಲ. ಇನ್ನೊಂದು ಮೊಳ ಬಂದರೆ ಗೆಲುವು. ಜೀವಮಾನದಲ್ಲಿ ಮೊದಲ ಸಲ ನಂಜುಂಡಸ್ವಾಮಿಗೆ ಈ ಮನುಷ್ಯರ ಮೇಲೆ ಗೌರವದಂಥದ್ದೇನೋ ಹುಟ್ಟಿತು.

ಅಷ್ಟರಲ್ಲಿ ಮೈದಾನದ ಅಂಚಿಗೆ ಜೀಪು ಬಂದು ನಿಂತಿತು. ಸಾಹೇಬರು ಇಳಿದರು.

ಮೊದಲು ಕಂಡವರು ಪ್ರಿನ್ಸಿಪಾಲರು. ಅವರು ಹಗ್ಗ ಬಿಟ್ಟು ಕೈ ಮುಗಿದರು. ಅವರು ಬಿಟ್ಟದ್ದನ್ನು ಕಂಡು ಪೂರ್ವಾಹ್ನವೂ ಅಪರಾಹ್ನವೂ ಒಟ್ಟಿಗೇ ಬಿಟ್ಟವು. ಅವರ ಹಿಂದಿನ ನಾಲ್ವರು, ತಮ್ಮ ಹಿರಿಯರು ಕೈ ಮುಗಿದಿರುವಾಗ ತಾವು ಹಗ್ಗ ಹಿಡಿದು ನಿಲ್ಲುವುದೆಂತು? ಅತ್ತ ಗುಮಾಸ್ತರು ತಿರುಗಿ ನೋಡಿದರು; ಬಂದವರು ಸಾಕ್ಷಾತ್ ತಮ್ಮ ಸಾಹೇಬರು! ಎಂಟು ಜೊತೆ ಕೈಗಳು ಒಮ್ಮೆಗೇ ಹಗ್ಗ ಬಿಟ್ಟು ಜೋಡಿಸಿಕೊಂಡವು. ರೆಫರಿಯೂ ಕೈ ಮುಗಿದ. ನಮಸ್ಕಾರ ಹೇಳುವ ಅವಸರದಲ್ಲಿ ಸೀಟಿ ಬಾಯಿಂದ ಬಿತ್ತು.

ಕೃಷ್ಣಪ್ಪ ಮಾತ್ರ ಕಣ್ಣು ಮುಚ್ಚಿ ಇನ್ನೂರು ಪೌಂಡನ್ನೂ ಹಿಂದಕ್ಕೆ ವಾಲಿಸಿದ್ದ. ಅವನನ್ನು ಹಿಡಿದಿದ್ದವರು ಈಗ ಯಾರೂ ಇರಲಿಲ್ಲ. ಕಡಿದ ಮರದಂತೆ ಅಂಗಾತ ಬಿದ್ದ. ಮೈಗೆ ಸುತ್ತಿದ್ದ ಹಗ್ಗ ಅವನ ಜೊತೆಗೇ ಹೋಯಿತು, ಕೆಂಪು ಬಟ್ಟೆ ಗೆರೆ ದಾಟಿತು.

ನಂಜುಂಡಸ್ವಾಮಿ ಓಡಿಹೋಗಿ ಅವನ ಹೆಗಲಿಂದ ಹಗ್ಗ ಬಿಡಿಸತೊಡಗಿದ.

“ನಾನ್ ಬುಡ್ನಿಲ್ಲ ಅಣ್ಣ” ಎಂದ ಕೃಷ್ಣಪ್ಪ, ಸೊಂಟ ಹಿಡಿದುಕೊಂಡು.

“ಗೊತ್ತು ಕಣೋ. ನೀನೊಬ್ನೇ ಬುಡ್ನಿಲ್ಲ.”

ನಗುತ್ತ ಸಾಹೇಬರು ಅಲ್ಲಿಗೇ ಬಂದರು. ಹಿಂದೆ ಪ್ರಿನ್ಸಿಪಾಲರು. “ಯಾರ್ರೀ ಇವರಿಗೆ ಕಲಿಸಿದ್ದು?” ಎಂದು ಸಾಹೇಬರು ಕೇಳಿದರು.

“ಶಿಸ್ತು ನಮ್ಮ ಕಾಲೇಜಿನಲ್ಲಿ ಮೊದಲಿಂದಲೂ ಇದೆ ಸಾರ್” ಎಂದು ಪ್ರಿನ್ಸಿಪಾಲರು ಬಾಗಿದರು. ವಾಲುವುದು ಕಷ್ಟವಾಗಿದ್ದ ಆ ಬೆನ್ನು ಬಾಗುವಾಗ ಎಷ್ಟು ಸಲೀಸು! ಆಮೇಲೆ ನಂಜುಂಡಸ್ವಾಮಿಯ ಕಡೆ ತಿರುಗಿ, ಹಲ್ಲು ಕಚ್ಚಿ, “ಎದ್ದು ಕೈ ಮುಗೀರಿ” ಎಂದರು.

ನಂಜುಂಡಸ್ವಾಮಿ ಏಳಲಿಲ್ಲ. “ಕೈಯಲ್ಲಿ ಹಗ್ಗ ಇದೆ ಸಾರ್. ಇನ್ನೂ ಸೀಟಿ ಊದಿಲ್ಲ.”

ಸಾಹೇಬರು ಹುಬ್ಬೇರಿಸಿ ಮುಂದೆ ಹೋದರು. ಕಪ್ಪು ಕಾಲೇಜಿಗೇ ಬಂತು. ಪಟಕ್ಕೆ ಎಲ್ಲರೂ ಸೀನಿಯಾರಿಟಿ ಪ್ರಕಾರ ನಿಂತರು. ಆಮೇಲೆ ಪ್ರಿನ್ಸಿಪಾಲರು ನಂಜುಂಡಸ್ವಾಮಿಯನ್ನು ಕರೆದರು.

“ನಿಮ್ಮ ವಿಚಾರ ಈ ವರ್ಷ ಕಷ್ಟ ಕಣ್ರೀ.”

“ಗೆದ್ದೆವಲ್ಲ ಸಾರ್?”

“ಕೃಷ್ಣಪ್ಪ ಬಿದ್ದ, ಗೆದ್ದೆವು. ಅದರಲ್ಲಿ ನಿಮ್ಮ ತರಬೇತಿ ಏನು ಬಂತು? ದೊಡ್ಡವರ ಮುಂದೆ ಹೇಗಿರಬೇಕು ಅನ್ನೋದನ್ನ ಮೊದಲು ಕಲಿತುಕೊಳ್ಳಿ.”

ಇಷ್ಟು ದಿನ ತಾನು ಈ ಮನುಷ್ಯನ ಮಾತಿಗೆ ವಾಲಿ ನಿಂತಿದ್ದೆನಲ್ಲ ಎಂದುಕೊಂಡ ನಂಜುಂಡಸ್ವಾಮಿ. ಹಿಡಿದವನು ಎಂಥವನೆಂದು ನೋಡದೆ ಯಾವ ದಡ್ಡ ವಾಲುತ್ತಾನೆ? ಹಗ್ಗವನ್ನು ಸುತ್ತಿ ಅವರ ಪಂಪ್ ಷೂಗಳ ಪಕ್ಕದಲ್ಲೇ ಇಟ್ಟು, ಸೈಕಲ್ಲು ತೆಗೆದುಕೊಂಡು ಹೊರಟ. ಗೇಟಿನ ಹತ್ತಿರ ಕೃಷ್ಣಪ್ಪ ಕುಂಟುತ್ತಿದ್ದ.

“ಊರ್ಗೋದ್ರೆ ನಿಮ್ಮಣ್ಣ ನಾಯಿ ಮಾತೇ ಎತ್ತಾನೇನೋ?” ಎಂದ.

“ಎತ್ಲಿ ಬುಡು” ಎಂದ ನಂಜುಂಡಸ್ವಾಮಿ. “ನಮ್ ನಾಯಿ ಬಾಯ್ಗೆ ಹಗ್ಗ ಕೊಟ್ಟ್ ನೋಡು. ಯಾವ್ ಸಾಹೇಬ್ರು ಬಂದ್ರೂ ಬುಡಲ್ಲ.”